ಹೊನ್ನಿಯ ಬೆನ್ನಿನ ಬೆಂಡು

ಗುರು ಎಂದರೆ ನಿಮಗೆ ಬಿಳಿ ಗಡ್ಡ ನೆನಪಾಗಬಹುದು. ನಮ್ಮ ದಾಕ್ಷಾಯಿಣಮ್ಮನಿಗೆ ಗಡ್ಡವಿರಲಿಲ್ಲ. ಸಿಡುಕು ಇತ್ತು, ಯಾವ ಗಡ್ಡಕ್ಕೂ ಕಡಿಮೆಯಿಲ್ಲದಷ್ಟು.

ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಕೋಶದ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ಕಪಿಲೆಯ ದಂಡೆಯ ಒಂದು ಪುಟ್ಟ ಆಶ್ರಮಕ್ಕೆ ಬಂದು ಕೂತರು. ಅಲ್ಲಿ ಮಂತ್ರ ಹೇಳಿಕೊಡಲಿಲ್ಲ. ಬೇಸಿಗೆಯಲ್ಲಿ ಹೊಳೆಗೆ ಇಳಿದು ಮಕ್ಕಳಿಗೆ ಈಜು ಹೇಳಿಕೊಟ್ಟರು.

ಯಾರಾದರೂ "ಗುರುಮಾತೆ" ಎಂದು ಕಾಲಿಗೆ ಬಿದ್ದರೆ, "ಏಳಪ್ಪಾ, ಅಲ್ಲಿ ಇರುವೆ ಗೂಡಿದೆ" ಎನ್ನುತ್ತಿದ್ದರು. ನಿಜವಾಗಿಯೂ ಇರುತ್ತಿತ್ತು.

ಒಂದು ಮೇ ತಿಂಗಳಲ್ಲಿ ಅವರ ಹಳೆಯ ಶಿಷ್ಯ ಮರಿಸ್ವಾಮಿ ಬಂದ. ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಅವನು ಸಂಶೋಧಕ. ಜೊತೆಯಲ್ಲಿ ಹನ್ನೊಂದು ವರ್ಷದ ಮಗಳು ಹೊನ್ನಿ. ಮಗಳ ಮಣಿಕಟ್ಟು ಹಿಡಿದುಕೊಂಡೇ ಬಸ್ಸಿನಿಂದ ಇಳಿದವನು ಅಂಗಳಕ್ಕೆ ಬಂದರೂ ಬಿಟ್ಟಿರಲಿಲ್ಲ.

"ಅಮ್ಮಾ, ನನ್ನ ಪ್ರಯೋಗ ಒಂದು ಕೆಟ್ಟು ಕೂತಿದೆ. ನೀವೇ ದಾರಿ ತೋರಿಸಬೇಕು."

"ಮೊದಲು ಮಜ್ಜಿಗೆ ಕುಡಿ. ಆ ಮಗೂ ಕೈ ಬಿಡು, ಅದಕ್ಕೂ ಲೋಟ ಹಿಡೀಬೇಕಲ್ಲ."

ಅವನು ಬಿಟ್ಟ. ಹುಡುಗಿಯ ಮಣಿಕಟ್ಟಿನ ಸುತ್ತ ಕೆಂಪಗೆ ಬೆರಳಿನ ಗುರುತು ಇತ್ತು. ದಾಕ್ಷಾಯಿಣಮ್ಮ ಅದನ್ನು ನೋಡಿದರು.

ಮರಿಸ್ವಾಮಿಯ ಪ್ರಯೋಗ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಹೆದರಬೇಡಿ, ಕಷ್ಟದ್ದೇನಲ್ಲ.

ನಮ್ಮ ಮೈಯ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದ, ಎಳೆಗೂದಲಿನಂಥ ನವಿರು ಇರುತ್ತದೆ. ಪ್ರೋಟೀನಿನ ಸಣ್ಣ ಕಡ್ಡಿ, ಅದರಿಂದ ಇಳಿಬಿದ್ದ ಸಕ್ಕರೆಯ ಎಳೆಗಳು. ಪುಸ್ತಕದಲ್ಲಿ ಅದರ ಹೆಸರು ಪ್ರೋಟಿಯೋಗ್ಲೈಕಾನ್. ದಾಕ್ಷಾಯಿಣಮ್ಮ ತರಗತಿಯಲ್ಲಿ ನವಿರು ಎಂದೇ ಕರೆಯುತ್ತಿದ್ದರು.

ಆ ನವಿರಿನಿಂದ ಕೋಶ ತಾನು ಕೂತ ನೆಲವನ್ನು ಹಿಡಿದುಕೊಳ್ಳುತ್ತದೆ. ಅಕ್ಕಪಕ್ಕದವರು ಕಳಿಸಿದ ಸುದ್ದಿಯನ್ನೂ ಅದರಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕೋಶದ ಬಳಿ ಕತ್ತರಿಯ ಕೆಲಸ ಮಾಡುವ ಕಿಣ್ವಗಳೂ ಇವೆ. ಅವು ನವಿರನ್ನು ಕತ್ತರಿಸಿ ಹೊರಗೆ ಬಿಡುತ್ತವೆ.

"ಆ ಕತ್ತರಿ ನಿಲ್ಲಿಸೋ ಮದ್ದು ಹುಡುಕ್ತಿದೀನಿ ಅಮ್ಮಾ," ಎಂದ ಮರಿಸ್ವಾಮಿ.

"ಯಾಕೆ, ಕತ್ತರಿ ಮೇಲೆ ಅಷ್ಟು ಸಿಟ್ಟು?"

ಅವನು ಮಗಳ ಕಡೆ ತಿರುಗಿ ನೋಡಿದ. ಹೊನ್ನಿ ಅಂಗಳದ ಆಚೆ ಬೆಕ್ಕಿನ ಹಿಂದೆ ಹೋಗಿದ್ದಳು.

"ಎರಡು ವರ್ಷದ ಹಿಂದೆ ಇವಳಿಗೆ ಡೆಂಗಿ ಬಂತು. ಜ್ವರ ಇಳಿದ ದಿನ ನಾವು ಗೆದ್ದೆವು ಅಂದ್ಕೊಂಡ್ವಿ. ಅವತ್ತೇ ಶುರುವಾಯ್ತು. ರಕ್ತನಾಳದ ಒಳಗಿನ ನವಿರೆಲ್ಲ ಒಟ್ಟಿಗೇ ಉದುರಿಹೋಯ್ತು. ನಾಳ ಸೋರೋಕೆ ಹಿಡೀತು. ಮುಖ ಊದ್ಕೊಂಡು, ಕೈ ತಣ್ಣಗಾಗಿ... ಆರು ದಿನ ಅಮ್ಮಾ. ಆರು ದಿನ ಈ ಮಣಿಕಟ್ಟು ಹಿಡ್ಕೊಂಡು ನಾಡಿ ಎಣಿಸ್ತಾ ಕೂತಿದ್ದೆ."

"ಉಳೀತಲ್ಲ ಮಗು."

"ಉಳೀತು."

"ಸರಿ, ಪ್ರಯೋಗ ಎಲ್ಲಿ ಕೆಟ್ಟಿತು ಹೇಳು."

"ಕಾಯಿಲೆ ಕೋಶಕ್ಕೆ ಮದ್ದು ಹಾಕಿದ್ರೆ ನವಿರು ಉದುರೋದು ನಿಲ್ಲುತ್ತೆ. ಬಹಳ ಚೆನ್ನಾಗಿ ನಿಲ್ಲುತ್ತೆ. ಆರೋಗ್ಯವಾಗಿರೋ ಕೋಶಕ್ಕೂ ಹಾಕಿ ನೋಡೋಣ ಅಂತ, ತಟ್ಟೆ ತುಂಬ ಬೆಳೆಸಿ, ಮಧ್ಯೆ ಒಂದು ಗೀರು ಹಾಕಿದೆ. ಮಾಮೂಲಿಯಾಗಿ ಒಂದು ದಿನದಲ್ಲಿ ಎರಡೂ ಕಡೆಯ ಕೋಶ ಸರಿದು ಬಂದು ಗೀರು ಮುಚ್ಚುತ್ತವೆ. ಮದ್ದು ಹಾಕಿದ ತಟ್ಟೇಲಿ ಮೂರು ದಿನವಾದ್ರೂ ಮುಚ್ಚಲಿಲ್ಲ."

"ಕೋಶ ಸತ್ತವಾ?"

"ಇಲ್ಲ. ದುಂಡಗೆ ಇವೆ, ಉಂಡುಕೊಂಡು ಇವೆ. ಗಾಯದ ಅಂಚಲ್ಲೇ ಕೂತಿವೆ. ಒಂದು ಹೆಜ್ಜೆ ಮುಂದಕ್ಕೆ ಇಡಲ್ಲ. ಮದ್ದಿನಲ್ಲಿ ಏನೋ ವಿಷ ಇರಬೇಕು ಅಮ್ಮಾ."

ದಾಕ್ಷಾಯಿಣಮ್ಮ ಅಂಗಳದ ಕಡೆ ನೋಡಿದರು. "ಹೊನ್ನೀ," ಎಂದು ಕೂಗಿದರು, "ನಿಂಗೆ ಈಜು ಬರುತ್ತೇನೇ?"

"ಇಲ್ಲ ಅಜ್ಜಿ. ಅಪ್ಪ ನೀರಿಗೆ ಬಿಡಲ್ಲ."

"ನಿಂಗೆ ಬರುತ್ತೇನೋ ಮರಿಸ್ವಾಮಿ?"

"ನಂಗೂ ಬರಲ್ಲಮ್ಮ. ನೀರು ಕಂಡ್ರೆ ಭಯ."

"ಹಾಗಾದ್ರೆ ತಿಂಗಳ ಕೊನೇವರೆಗೂ ಇಲ್ಲೇ ಇರಿ. ನಾಳೆ ಬೆಳಿಗ್ಗೆ ಆರಕ್ಕೆ ಹೊಳೆಗೆ ಬನ್ನಿ."

"ನನ್ನ ಪ್ರಶ್ನೆ ಅಮ್ಮಾ?"

"ಅದನ್ನೂ ಎತ್ತಿಕೊಂಡು ಬಾ."

ಮರಿಸ್ವಾಮಿ ಗೊಣಗಿದ. ಗೊಣಗಿದರೂ ಬಂದ. ಗುರುವಿನ ಮಾತು, ಏನು ಮಾಡುತ್ತಾನೆ ಪಾಪ.

ಈಜು ಕಲಿಯುವ ಮಗುವಿನ ಬೆನ್ನಿಗೆ ಅಲ್ಲಿ ಬೆಂಡು ಕಟ್ಟುತ್ತಾರೆ. ಒಣಗಿದ ಕತ್ತಾಳೆ ದಿಂಡಿನ ತುಂಡುಗಳು. ಎತ್ತಿದರೆ ಭಾರವೇ ಇರುವುದಿಲ್ಲ, ನೀರಿನಲ್ಲಿ ಮುಳುಗುವುದೂ ಇಲ್ಲ. ಮೊದಲ ದಿನ ಐದು ಕಟ್ಟುವುದು, ಮಗು ಕಲಿತ ಹಾಗೆ ಒಂದೊಂದೇ ಬಿಚ್ಚುವುದು.

ಹೊನ್ನಿ ಐದು ಬೆಂಡು ಕಟ್ಟಿಕೊಂಡು ನೀರಿಗೆ ಇಳಿದಳು. ಮೊದಲು ಕಿರುಚಿದಳು, ಆಮೇಲೆ ನಕ್ಕಳು. ಮರಿಸ್ವಾಮಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಮಗಳ ತಲೆಯನ್ನೇ ನೋಡುತ್ತಿದ್ದ. ಅವಳು ಮುಖ ನೀರಿಗೆ ಹಾಕಿದಾಗಲೆಲ್ಲ ಇವನು ಎದ್ದು ನಿಲ್ಲುತ್ತಿದ್ದ.

"ಕೂತ್ಕೊಳ್ಳೋ. ನಿಂತ್ರೆ ನೀರೇನು ಕಡಿಮೆ ಆಗಲ್ಲ," ಎನ್ನುತ್ತಿದ್ದರು ದಾಕ್ಷಾಯಿಣಮ್ಮ.

ಮೂರನೆಯ ದಿನ ಒಂದು ಬೆಂಡು ಬಿಚ್ಚಿದರು. ಆರನೆಯ ದಿನ ಇನ್ನೊಂದು. ಉಳಿದದ್ದು ಮೂರು.

ಅಲ್ಲಿಗೆ ನಿಂತಿತು. ಹುಡುಗಿಯ ಕೈಕಾಲು ಚೆನ್ನಾಗಿ ಆಡುತ್ತಿತ್ತು, ಉಸಿರೂ ಕೂಡಿಬಂದಿತ್ತು. ದಾಕ್ಷಾಯಿಣಮ್ಮ ಸಂಜೆ ಒಂದು ಬೆಂಡು ಬಿಚ್ಚಿಟ್ಟು, ಎರಡೇ ಉಳಿದ ಹಗ್ಗವನ್ನು ಜಗುಲಿಯ ಮೊಳೆಗೆ ನೇತುಹಾಕುತ್ತಿದ್ದರು. ಬೆಳಿಗ್ಗೆ ನೋಡಿದರೆ ಮೂರಿರುತ್ತಿತ್ತು.

ಮಾರನೆಯ ಸಂಜೆ ಮತ್ತೆ ಬಿಚ್ಚಿದರು. ಬೆಳಿಗ್ಗೆ ಮತ್ತೆ ಮೂರು. ಹೀಗೇ ಹತ್ತು ದಿನ ನಡೆಯಿತು. ಆ ಸಿಡುಕಿನ ಹೆಂಗಸು ಹತ್ತು ದಿನ ಹೇಗೆ ಬಾಯಿಮುಚ್ಚಿಕೊಂಡಿದ್ದರೋ ನನಗಂತೂ ಗೊತ್ತಿಲ್ಲ.

ಪಾಪ, ಹೊನ್ನಿ ಅದನ್ನೆಲ್ಲ ತನ್ನ ತಪ್ಪೆಂದುಕೊಂಡಳು. "ಅಜ್ಜಿ, ನಂಗೆ ಈಜು ಬರೋದೇ ಇಲ್ವಾ? ಇನ್ನೂ ಮೂರು ಬೆಂಡು ಹಾಗೇ ಇದೆಯಲ್ಲ," ಎಂದಳು. ಅವಳ ದನಿ ಸಣ್ಣಗಾಗಿತ್ತು.

ದಾಕ್ಷಾಯಿಣಮ್ಮನಿಗೆ ಆಗ ಸಿಟ್ಟು ಬಂತು. ಹಗ್ಗ ಎತ್ತಿಕೊಂಡು ನೇರ ಮರಿಸ್ವಾಮಿಯ ಮುಂದೆ ಬಂದು ನಿಂತರು.

"ಈ ಗಂಟು ನಂದಲ್ಲ."

ಮರಿಸ್ವಾಮಿ ಹೊಳೆಯ ಕಡೆ ನೋಡಿದ.

"ನಾನು ಹಾಕೋದು ಎಳೆದ್ರೆ ಬಿಚ್ಚೋ ಗಂಟು. ಇದು ಮೂರು ಸುತ್ತಿನ ಗಂಟು. ಹಲ್ಲಲ್ಲಿ ಕಚ್ಚಿ ಬಿಗಿದ ಗುರುತು ಬೇರೆ ಇದೆ. ಈ ಆಶ್ರಮದಲ್ಲಿ ಇಂಥ ಹಲ್ಲು ಯಾರದಪ್ಪಾ?"

"ಅಮ್ಮಾ... ಮುಳುಗಿಬಿಟ್ರೆ?"

"ನಾನು ಪಕ್ಕದಲ್ಲೇ ಇರ್ತೀನಲ್ಲೋ ನೀರಲ್ಲಿ!"

"ಆದ್ರೂ."

ಆ "ಆದ್ರೂ" ಕೇಳಿ ದಾಕ್ಷಾಯಿಣಮ್ಮನ ಸಿಟ್ಟು ಇಳಿಯಿತು. ಅವನ ಪಕ್ಕದಲ್ಲಿ ಕೂತರು.

"ಹೋಗಿ ನಿನ್ನ ಪ್ರಯೋಗದ ಪುಸ್ತಕ ತಗೊಂಡು ಬಾ. ನೋಡೋಣ."

ಅವನು ತಂದ. ನೀಲಿ ರಟ್ಟಿನ ದಪ್ಪ ಪುಸ್ತಕ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು.

"ಕಾಯಿಲೆ ಕೋಶದ ತಟ್ಟೇಲಿ ಎಷ್ಟು ನವಿರು ಉದುರಿತ್ತು?"

"ತುಂಬ ಅಮ್ಮಾ. ಗಂಟೆಯೊಳಗೆ ಬೋಳಾಗಿಬಿಡ್ತವೆ. ಇಲ್ಲಿದೆ ನೋಡಿ."

"ಆರೋಗ್ಯದ ಕೋಶದ ತಟ್ಟೇಲಿ?"

"ಸ್ವಲ್ಪ ಇತ್ತು."

"ಎಷ್ಟು ಸ್ವಲ್ಪ? ಇಲ್ಲಿ ಕಾಣಲ್ಲವಲ್ಲ."

"ಅದನ್ನ ತೋರಿಸಲ್ಲಮ್ಮ. ಹಿನ್ನೆಲೆ ಅಂತ ಎಲ್ಲದರಿಂದ ಕಳೆದುಬಿಡ್ತೀವಿ. ಕಾಯಿಲೆಯದ್ದಷ್ಟೇ ಉಳೀಲಿ ಅಂತ."

ದಾಕ್ಷಾಯಿಣಮ್ಮ ಕನ್ನಡಕ ತೆಗೆದರು.

"ಅಯ್ಯೋ ನನ್ನ ಶಿಷ್ಯನೇ! ಆರೋಗ್ಯಾನೇ ಕಳೆದುಬಿಟ್ಟು, ಕಾಯಿಲೆ ಮಾತ್ರ ಇಟ್ಟುಕೊಂಡು ಕೂತಿದೀಯಲ್ಲೋ."

ಮರಿಸ್ವಾಮಿಗೆ ಅರ್ಥವಾಗಲಿಲ್ಲ. ಪೆಚ್ಚಾಗಿ ನೋಡಿದ.

"ಚೆನ್ನಾಗಿರೋ ಕೋಶ ದಿನಾ ಸ್ವಲ್ಪ ಸ್ವಲ್ಪ ನವಿರು ಬಿಡುತ್ತೆ ಅಂದೆಯಲ್ಲ. ಯಾಕೆ ಬಿಡುತ್ತೆ?"

"ಅದನ್ನ ನಾನು ಕೇಳಿಕೊಂಡೇ ಇಲ್ಲಮ್ಮ."

"ಗೀರು ಬಿದ್ದಾಗ?"

"ಅಂಚಿನ ಕೋಶ ಸ್ವಲ್ಪ ಜಾಸ್ತಿ ಬಿಡುತ್ತೆ."

"ಹೆಜ್ಜೆ ಇಡಬೇಕಾದವರು ಹಿಡಿದಿದ್ದನ್ನ ಬಿಡಬೇಕೋ ಬೇಡ್ವೋ?"

ಮರಿಸ್ವಾಮಿ ಪುಸ್ತಕದ ಕಡೆ ಬಗ್ಗಿದ.

"ಬಿಟ್ಟ ನವಿರು ಎಲ್ಲಿಗೆ ಹೋಗುತ್ತೆ?" ಎಂದರು ಅವರು.

"ರಸದಲ್ಲಿ ತೇಲಿಕೊಂಡು... ಗಾಯದ ಕಡೆಗೆ. ಅದಕ್ಕೆ ಅಂಟಿಕೊಂಡಿರೋ ಸುದ್ದೀನೂ ಜೊತೆಗೆ ಹೋಗುತ್ತೆ. ಬೆಳೀರಿ, ಮುಚ್ಚಿರಿ ಅನ್ನೋ ಸುದ್ದಿ." ಅವನ ದನಿ ನಿಧಾನವಾಯಿತು. "ಅಂದ್ರೆ ಮದ್ದಲ್ಲಿ ವಿಷ ಇಲ್ಲ."

"ಮದ್ದು ಒಳ್ಳೇದೇ ಕಣೋ. ಬಿರುಗಾಳಿ ದಿನಕ್ಕೆ ಮಾಡಿದ್ದನ್ನ ನೀನು ದಿನಾ ಕುಡಿಸ್ತಿದೀಯ, ಅಷ್ಟೇ."

ಹೀಗೆನ್ನುತ್ತ ಅವರು ಇನ್ನೊಂದು ಹಾಳೆ ತಿರುವಿದರು. ಹಾಳೆಗಳ ನಡುವಿಂದ ಒಂದು ಲಕೋಟೆ ಜಾರಿ ಮೆಟ್ಟಿಲ ಮೇಲೆ ಬಿತ್ತು.

ಮರಿಸ್ವಾಮಿ ಹಿಡಿಯಲು ಕೈ ಚಾಚಿದ. ದಾಕ್ಷಾಯಿಣಮ್ಮನ ಕೈ ಮುಂದಿತ್ತು.

ಅದು ಒಂದು ವಸತಿ ಶಾಲೆಯ ಪತ್ರ. ಹೊನ್ನಿ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದಾಳೆ, ಜೂನ್ ಒಂದರಂದು ತಂದೆ ಅಥವಾ ತಾಯಿಯ ಸಹಿಯೊಂದಿಗೆ ಬಂದು ಸೇರಬೇಕು, ತಪ್ಪಿದರೆ ಸ್ಥಾನ ಮುಂದಿನವರಿಗೆ ಹೋಗುತ್ತದೆ ಎಂದಿತ್ತು. ಅಂದು ಮೇ ಇಪ್ಪತ್ತೈದು.

"ಯಾವಾಗ ಬಂತು ಇದು?"

"ಇಲ್ಲಿಗೆ ಬರೋ ಮುಂಚೆ. ನನ್ನ ಆಫೀಸಿನ ವಿಳಾಸ ಕೊಟ್ಟಿದ್ದೆ."

"ಮಗೂಗೆ ಗೊತ್ತಾ?"

"ಇಲ್ಲ."

"ನಿನ್ನ ಹೆಂಡ್ತಿಗೆ?"

"ಅವಳಿಗೂ ಹೇಳಿಲ್ಲ. ಆಯ್ಕೆ ಆಗಲಿಲ್ಲ ಅಂತ ಇಬ್ಬರಿಗೂ ಹೇಳಿಬಿಟ್ಟೆ." ಅವನು ತಲೆ ತಗ್ಗಿಸಿದ. "ಅಲ್ಲಿಗೆ ನಾಲ್ಕು ಗಂಟೆ ದಾರಿ ಅಮ್ಮಾ. ಜ್ವರ ಬಂದ್ರೆ ಯಾರು ನೋಡ್ತಾರೆ? ಸೊಳ್ಳೆ ಪರದೆ ಯಾರು ಕಟ್ತಾರೆ?"

ದಾಕ್ಷಾಯಿಣಮ್ಮ ಬಯ್ಯುತ್ತಾರೆ ಎಂದು ಅವನು ಕಾದ. ಅವರು ಬಯ್ಯಲಿಲ್ಲ. ಪತ್ರವನ್ನು ಮಡಿಸಿ ಅವನ ಅಂಗೈಯಲ್ಲಿ ಇಟ್ಟು, ಬೆರಳು ಮುಚ್ಚಿದರು.

"ಹೋಗಿ ಹೇಳು. ನಾನು ಹೇಳಲ್ಲ. ಇದು ನೀನು ಹಾಕಿದ ಗಂಟು."

ಹೊನ್ನಿ ಕೆಳಗಿನ ಮೆಟ್ಟಿಲಲ್ಲಿ ಕೂತು ಜಡೆ ಹಿಂಡುತ್ತಿದ್ದಳು. ಮರಿಸ್ವಾಮಿ ಪಕ್ಕದಲ್ಲಿ ಕೂತು ಪತ್ರ ಕೊಟ್ಟ.

ಅವಳು ಓದಿದಳು. ಇನ್ನೊಂದು ಸಲ ಓದಿದಳು.

"ಅಪ್ಪಾ, ನಾನು ಪಾಸಾಗಿದ್ನಾ?"

"ಹೂಂ ಕಂದ."

ಅವಳ ಮುಖ ಅರಳಿತು. ಅರಳಿದ್ದು ಹಾಗೇ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು.

"ನನ್ನ ಹೆಸರಿಲ್ಲ ಅಂದ್ಯಲ್ಲ. ನಾನು ಎರಡು ದಿನ ಅತ್ತೆ. ಅಳಬೇಡ ಅಂತ ನೀನೇ ಐಸ್‌ಕ್ರೀಮು ಕೊಡಿಸಿದೆ."

ಮರಿಸ್ವಾಮಿಗೆ "ತಪ್ಪಾಯ್ತು ಕಂದ" ಎನ್ನುವಷ್ಟರಲ್ಲಿ ಕಣ್ಣೀರು ಬಂದೇಬಿಟ್ಟಿತು. ಅಷ್ಟು ದೊಡ್ಡ ಮನುಷ್ಯ ಅತ್ತರೆ ಚೆನ್ನಾಗಿ ಕಾಣುವುದಿಲ್ಲ. ಆದರೂ ಅತ್ತ.

ಹುಡುಗಿ ನೋಡುತ್ತಿದ್ದಳು.

"ನಂಗೆ ಮತ್ತೆ ಜ್ವರ ಬರುತ್ತೆ ಅಂತಾನಾ?"

"ಹೂಂ."

"ಅವಾಗ ಮನೇಲೇ ಇದ್ನಲ್ಲಪ್ಪ. ಆದ್ರೂ ಬಂತಲ್ಲ."

ಹೊನ್ನಿ ಎದ್ದು ಒಂದು ಮೆಟ್ಟಿಲು ಕೆಳಗೆ ಹೋಗಿ ಕೂತಳು. ಅವತ್ತೆಲ್ಲ ಅಪ್ಪನ ಜೊತೆ ಮಾತಾಡಲಿಲ್ಲ. ಮರಿಸ್ವಾಮಿ ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಅವಳು ಅರ್ಧ ಗಂಟೆ ಬಯ್ದಳು. ಅವನು ಪೂರ್ತಿ ಕೇಳಿಸಿಕೊಂಡ.

ಮಾರನೆಯ ಬೆಳಿಗ್ಗೆ ಹಗ್ಗದಲ್ಲಿ ಎರಡೇ ಬೆಂಡು ಇತ್ತು. ರಾತ್ರಿ ಯಾರೂ ಹೊಸ ಗಂಟು ಹಾಕಿರಲಿಲ್ಲ. ಬಿಚ್ಚಿದ ಮೂರನೆಯದು ಅವರ ತಲೆಬಾಗಿಲ ಪಕ್ಕದಲ್ಲಿ, ಇಟ್ಟ ಜಾಗದಲ್ಲೇ ಬಿದ್ದಿತ್ತು.

ಹೊನ್ನಿ ಹಗ್ಗ ನೋಡಿದಳು. ಅಪ್ಪನನ್ನು ನೋಡಿದಳು.

"ನೀನು ಕಟ್ಟಲಿಲ್ವಾ?"

"ಇಲ್ಲ."

"ನಂಗೆ ಗೊತ್ತಿತ್ತು, ಅಜ್ಜಿಯಲ್ಲ ಅಂತ," ಎಂದಳು. ಅವಳಿಗೆ ಗೊತ್ತಿರಲಿಲ್ಲ. ಆದರೆ ಹಾಗೆ ಹೇಳಿದ್ದರಿಂದ ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಮೂರು ದಿನ ಕಳೆದವು. ಎರಡು ಬೆಂಡು ಒಂದಾಯಿತು.

ಮೇ ಮೂವತ್ತೊಂದರ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಜಗುಲಿಯ ಮೇಲೆ ಇಟ್ಟಿತ್ತು. ಸಹಿ ಹಾಕಿದ ಪತ್ರ ಪೆಟ್ಟಿಗೆಯೊಳಗಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಅದಕ್ಕೆ ಮುಂಚೆ ಒಂದು ಸಲ ಹೊಳೆಗೆ ಹೋಗೋಣ ಎಂದು ಹೊನ್ನಿ ಹಟ ಹಿಡಿದಳು.

ದಾಕ್ಷಾಯಿಣಮ್ಮ ಸೊಂಟದುದ್ದ ನೀರಲ್ಲಿ ನಿಂತರು.

"ಮರಿಸ್ವಾಮಿ, ಕೊನೇದನ್ನ ನೀನು ಬಿಚ್ಚು."

"ನಾನಾ?"

"ಇನ್ಯಾರು, ನಿಮ್ಮಪ್ಪನಾ?"

ಅವನು ಪ್ಯಾಂಟು ಮಡಚಿ ನೀರಿಗಿಳಿದ. ಮೊಣಕಾಲಿನವರೆಗೆ ಬಂದು ನಿಂತ. ಮಗಳ ಬೆನ್ನ ಮೇಲಿನ ಹಗ್ಗ ನೋಡಿದ. ಅದು ಮೂರು ಸುತ್ತಿನ ಗಂಟು, ಅವನೇ ಎಂದೋ ಹಾಕಿದ್ದು. ದಾಕ್ಷಾಯಿಣಮ್ಮ ಬೇಕೆಂದೇ ಅದನ್ನು ಕೊನೆಗೆ ಉಳಿಸಿದ್ದರು.

ಗಂಟು ನೆನೆದು ಬಿಗಿದಿತ್ತು. ಉಗುರಿನಿಂದ ಬಿಡಿಸಿದ. ಒಂದು ಸುತ್ತು ಬಂತು. ಎರಡನೆಯದು ಬರಲು ಬಹಳ ಹೊತ್ತು ಹಿಡಿಯಿತು. ಹೊನ್ನಿ ಅಲುಗಾಡದೆ ನಿಂತಿದ್ದಳು.

"ನೋವಾಗ್ತಿದೆಯಾ?"

"ಇಲ್ಲಪ್ಪ. ನಿಧಾನಕ್ಕೆ ಬಿಚ್ಚು."

ಮೂರನೆಯ ಸುತ್ತು ಬಿಚ್ಚಿತು. ಬೆಂಡು ಅವನ ಕೈಗೆ ಬಂತು.

ಹೊನ್ನಿ ತಿರುಗಿ ಒಮ್ಮೆ ನೋಡಿದಳು. ಆಮೇಲೆ ನೀರಿಗೆ ಬಿದ್ದಳು.

ಹೊಳೆಯ ಆ ಕಡೆ ಒಂದು ಚಪ್ಪಟೆ ಬಂಡೆ ಇದೆ. ಬೇಸಿಗೆಯಲ್ಲಿ ಅಲ್ಲಿಗೆ ಮೂವತ್ತು ಮಾರು ದೂರ. ದಾಕ್ಷಾಯಿಣಮ್ಮ ಪಕ್ಕದಲ್ಲೇ ಈಜುತ್ತ ಹೋದರು, ಮುಟ್ಟಲಿಲ್ಲ. ಮರಿಸ್ವಾಮಿ ಬೆಂಡನ್ನು ಎದೆಗೆ ಒತ್ತಿಕೊಂಡು ಮಗಳ ಕೈ ಬೀಸುವುದನ್ನು ನಾಡಿಯಂತೆ ಎಣಿಸಿದ. ಅರವತ್ತರ ತನಕ ಎಣಿಸಿದ್ದು ಅವನಿಗೆ ನೆನಪಿದೆ. ಆಮೇಲೆ ಮರೆತ.

ಹುಡುಗಿ ಬಂಡೆ ಹತ್ತಿ ಕೂತಳು. ಎರಡೂ ಕೈ ಎತ್ತಿ ಕೂಗಿದಳು. "ಅಪ್ಪಾ! ಬಂದೆ! ನೋಡ್ದ್ಯಾ?"

"ನೋಡ್ದೆ!" ಎಂದು ಕೂಗಿದ. ಅವನು ಅಳುತ್ತಿದ್ದ, ನಗುತ್ತಲೂ ಇದ್ದ.

"ನೀನೂ ಬಾರಪ್ಪಾ!"

ಅವನು ನೀರು ನೋಡಿದ. ಮೊಣಕಾಲಿನ ಮೇಲಕ್ಕೆ ಒಂದು ಹೆಜ್ಜೆಯೂ ಇಡಲಾಗಲಿಲ್ಲ.

ದಾಕ್ಷಾಯಿಣಮ್ಮ ಈಜಿ ಈ ಕಡೆ ಬಂದರು. ಮೆಟ್ಟಿಲ ಮೇಲೆ ಕೂತು ಸೀರೆಯ ಸೆರಗು ಹಿಂಡಿದರು.

ಮರಿಸ್ವಾಮಿ ಕೈಯಲ್ಲಿದ್ದ ಬೆಂಡನ್ನು ಅವರ ಮುಂದೆ ಹಿಡಿದ.

"ಅಮ್ಮಾ, ಇನ್ನು ಇದರ ಕೆಲಸ ಮುಗೀತಲ್ಲ. ಎಲ್ಲಿಡಲಿ?"

ದಾಕ್ಷಾಯಿಣಮ್ಮ ತಮ್ಮ ಚೀಲಕ್ಕೆ ಕೈ ಹಾಕಿದರು.

"ಆ ಕಡೆ ತಿರುಗಿ ಬೆನ್ನು ಕೊಟ್ಟು ನಿಂತ್ಕೊಳ್ಳೋ. ಮಿಕ್ಕ ನಾಲ್ಕೂ ನನ್ನ ಹತ್ರಾನೇ ಇವೆ."